ನೂರರಲ್ಲೊಂದು ಪಾಲು

ಉಮ್ಮನ್ನಾಕ್ ಕೊಲ್ಲಿಯಲ್ಲಿ ಏಪ್ರಿಲ್.
ಸೂರ್ಯ ಮರಳಿ ಎರಡು ತಿಂಗಳಾಯಿತು.
ಮೇಲೆ ಮೊಣಕಾಲುದ್ದ ಹಿಮ,
ಅದರಡಿ ಅರೆಮಾರು ಮಂಜುಗಡ್ಡೆ,
ಅದನ್ನೂ ದಾಟಿ ಕಡಲಿಗಿಳಿಯುವುದು
ನೂರರಲ್ಲೊಂದು ಪಾಲು ಬೆಳಕು,
ಅದೂ ಸೋಸಿದ್ದು, ನೀಲಿ.

ಹಾಲಿಬಟ್ ಗಾಳಕ್ಕೆ ತೂತು ಕೊರೆಯುತ್ತ
ಟುಕುಮ್ಮೆಕ್ ಒಂದು ಗಡ್ಡೆ ಮಗುಚಿದಳು:
ತಳದಲ್ಲಿ ಚಹಾದ ಕರೆಯಂಥ ಕಂದು.
ಉಗುರಲ್ಲಿ ಕೆರೆದು ಮೂಸಿ ಅಂದಳು,
"ಊಟ. ನಮ್ಮ ಮೀನು ತಿನ್ನುವ ಮೀನಿನ
ಊಟದ ಊಟ."

ಮೊಮ್ಮಗಳು ಇವಾಲುಗೆ ಕನಿಕರ.
ಪಾಪ, ಕತ್ತಲಲ್ಲಿವೆ, ಎಂದು
ಯಾರಿಗೂ ಹೇಳದೆ ಸಲಿಕೆ ಹಿಡಿದು
ಚಾಪೆಯಗಲ ಹಿಮ ಗೋರಿ
ಕಡಲಿಗೊಂದು ಕಿಟಕಿ ಇಟ್ಟಳು.
ನಾಯಿಗಳು ನೋಡುತ್ತಿದ್ದವು.

ವಾರ ಬಿಟ್ಟು ಅಲ್ಲೇ ಕೊರೆದರೆ
ತೊಳೆದ ಬಟ್ಟಲಿನಂಥ ತಳ.
ಎರಡು ಹೆಜ್ಜೆ ಆಚೆ, ಯಾರೂ ಮುಟ್ಟದ ಹಿಮದಡಿ,
ಕಂದು ಇನ್ನೂ ದಟ್ಟವಾಗಿತ್ತು.

ಅಜ್ಜಿ ಬೈಯಲಿಲ್ಲ.
ಕಪ್ಪು ಕನ್ನಡಕ ಸರಿಸಿ
ಹಿಮದ ಬೆಳಕಿಗೆ ಬೆಂದ
ತನ್ನೆರಡು ಕೆಂಪು ಕಣ್ಣು ತೋರಿಸಿದಳು.
"ಜೂನ್ ಬರಲಿ. ಸೂರ್ಯನೇ ಗೋರುತ್ತಾನೆ,
ದಿನಕ್ಕೆ ಬೆರಳಷ್ಟು."

ಇವಾಲು ಗೋರಿದ್ದನ್ನೆಲ್ಲ ಮತ್ತೆ ಹರಡಿದಳು.
ಎಷ್ಟಿತ್ತೋ ನೆನಪಿಲ್ಲ.
ಅಜ್ಜಿಯನ್ನೇ ಅದರಲ್ಲಿ ನಿಲ್ಲಿಸಿ
ಮೊಣಕಾಲಿಗೆ ಅಳೆದಳು.