ಹತ್ತಕ್ಕಿಂತ ಕಡಿಮೆ

ಆಗಸ್ಟ್ ಮೊದಲ ವಾರ. ನೆಬ್ರಾಸ್ಕಾದ ಬಿಸಿಲಿಗೆ
ಶಾಲೆಯಂಗಳದ ಟಾರು ಮೆತ್ತಗಾಗಿದೆ.
ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ನೆಟ್ಟಗೆ ಇಲ್ಲಿಗೇ ಬಂದವರ ಸಾಲು.

ಕರೆಂಟು ಬಿಲ್ಲು ತಂದಿರಾ? ಚುಚ್ಚುಮದ್ದಿನ ಚೀಟಿ?
ಹತ್ತೊಂಬತ್ತು ವರ್ಷ ಅದೇ ಮೇಜು, ಅದೇ ಪ್ರಶ್ನೆ.
ಆಗೆಲ್ಲ ಮನೆತನದ ಹೆಸರು ಹೇಳಿದರೆ ಸಾಕು,
ಯಾರ ಮೊಮ್ಮಗು, ಯಾವ ಜೋಳದ ಹೊಲದಾಚೆಯ ಮನೆ
ಗೊತ್ತಾಗುತ್ತಿತ್ತು.
ಈಗ ಒಂದೊಂದು ಹೆಸರನ್ನೂ ಎರಡು ಸಲ ಹೇಳಿಸಿಕೊಳ್ಳುತ್ತೇನೆ.

ಹುಟ್ಟಿದ ದಿನ? ಅಂದರೆ ತಾಯಿ ಜನವರಿ ಒಂದು,
ತಂದೆಯೂ ಜನವರಿ ಒಂದು.
ನಿರಾಶ್ರಿತರ ಬಿಡಾರದಲ್ಲಿ ಯಾವನೋ ಗುಮಾಸ್ತ
ಒಂದೇ ಮುದ್ರೆಯೊತ್ತಿ
ಎಲ್ಲರನ್ನೂ ಒಂದೇ ದಿನ ಹೆತ್ತುಬಿಟ್ಟಿದ್ದಾನೆ.
ಮಗುವಿನದು?
ಮಾರ್ಚ್ ಹದಿನೇಳು, ಬೆಳಗಿನ ಜಾವ ನಾಲ್ಕೂ ಹತ್ತು.
ಕಾಗದ ನೋಡದೆ ಹೇಳುತ್ತಾನೆ ತಂದೆ.
ಗಂಟೆ ಬರೆಯಲು ಜಾಗವಿಲ್ಲ, ಅಂಚಿನಲ್ಲಿ ಬರೆದುಕೊಂಡೆ.

ಮನೆಮಾತು?
ದೋನ್ಯಾ ತೊಮಾಸಾ ಕಿಚೆ ಅಂದಳು. ಪಟ್ಟಿಯಲ್ಲಿಲ್ಲ.
ಸ್ಪ್ಯಾನಿಶ್ ಅಂತ ಹಾಕಲೇ?
ಮುದುಕಿ ತಲೆಯಾಡಿಸಿದಳು,
ಹೌದೆಂದಲ್ಲ, ಹೋಗಲಿ ಬಿಡು ಎಂಬಂತೆ.
ನನ್ನ ಮುತ್ತಜ್ಜಿ ಇದೇ ಊರಲ್ಲಿ ಚೆಕ್ ಮಾತಿನಲ್ಲೇ ಬೈದು,
ಚೆಕ್ ಮಾತಿನಲ್ಲೇ ಸತ್ತಳು.
ಅವಳನ್ನು ಯಾರು ಯಾವ ಅಂಕಣದಲ್ಲಿ ಕೂರಿಸಿದ್ದರೋ.

ಅಕ್ಟೋಬರಿನಲ್ಲಿ ರಾಜಧಾನಿಯಿಂದ ಕೋಷ್ಟಕ ಬಂತು.
ಒಟ್ಟು ದಾಖಲಾತಿ ಅರವತ್ತೆರಡು.
ಹಿಸ್ಪಾನಿಕ್ ಮೂವತ್ತೊಂದು, ಬಿಳಿಯರು ಹದಿನೇಳು,
ಕಪ್ಪುಜನ ಹನ್ನೆರಡು,
ಏಷ್ಯಾ ಮೂಲದವರ ಎದುರು ಅಂಕಿಯಿಲ್ಲ, ಒಂದು ಚುಕ್ಕಿ.
ಅಡಿಟಿಪ್ಪಣಿ: ಹತ್ತಕ್ಕಿಂತ ಕಡಿಮೆಯಿದ್ದರೆ
ಗುರುತು ಸಿಗದಿರಲೆಂದು ಚುಕ್ಕಿ.
ಕಳೆಯುವ ಲೆಕ್ಕ ಬರುವ ಯಾರಿಗಾದರೂ ಗೊತ್ತು, ಇಬ್ಬರೆಂದು.
ಜಾಗವಿಲ್ಲದೆ ವಾಪಸು ಹೋದ ಇಪ್ಪತ್ತೆಂಟಕ್ಕೆ
ಚುಕ್ಕಿಯೂ ಇಲ್ಲ.

ಒಂದು ಚುಕ್ಕಿ ಮೂ ಪೋ. ಹಾಲು ಕುಡಿದರೆ ಹೊಟ್ಟೆನೋವು,
ಅಡುಗೆಯವಳಿಗೆ ಹೇಳಿಟ್ಟಿದ್ದೇನೆ.
ಇನ್ನೊಂದು ಏ ಡೋ ವಾ, ಮಾರ್ಚ್ ಹದಿನೇಳರವನು.
ಹಸಿರು ಕ್ರೇಯಾನು ಕಚ್ಚಿ ತಿಂದು
ಇಡೀ ದಿನ ಹಸಿರು ಹಲ್ಲು ಕಿರಿದ.

ಕೋಟು ನೇತುಹಾಕುವ ಗೂಟದ ಮೇಲೆ
ಅವನ ಹೆಸರಂಟಿಸಿದೆ. ಮೂರು ಪದ, ಅಂಗೈಯಗಲದ ಚೀಟಿ,
ಅಕ್ಷರ ಕಿರಿದಾಗಿತ್ತು.
ದೂರ ನಿಂತು ನೋಡಿದ. ಹತ್ತಿರ ಬಂದು ನೋಡಿದ.
"ದೊಡ್ಡದು" ಅಂದ.
ಶಾಲೆಯಲ್ಲಿ ಅವನಾಡಿದ ಮೊದಲ ಇಂಗ್ಲಿಷು.
ಚೀಟಿ ಕಿತ್ತು, ಪಕ್ಕದ ಗೂಟದ ಮೇಲೂ ಹಬ್ಬುವಂತೆ
ಮತ್ತೆ ಬರೆದೆ.