ಎಂಟೂವರೆ

ಹೆಸರು ಮೌನೇಶ.
ಅವನು ಹುಟ್ಟಿ ಎರಡು ವರ್ಷ,
ಮೌನ ಮಾತ್ರ ಇನ್ನೂ ನಮ್ಮ ಓಣಿಗೆ ಬಂದಿಲ್ಲ.

ತಪ್ಪು ನನ್ನದೇ.
ಬಾಣಂತನದ ನಲವತ್ತನೇ ದಿನಕ್ಕೆ
ಜೀನ್ಸಿನ ಗಂಟು ಬಿಚ್ಚಿ ಕೂತವಳು ನಾನು.
ತೊಡೆಯ ಮೇಲೆ ಇವನು, ಸೂಜಿಯ ಕೆಳಗೆ ಹಿಂಜೇಬು.
ಬಲಗಾಲು ಒತ್ತಿದರೆ ಮಷೀನು ಗುರ್ರೆನ್ನುವುದು,
ಮೈಯೆಲ್ಲ ಸಣ್ಣಗೆ ನಡುಗುವುದು,
ಇವನು ಕಣ್ಣು ಮುಚ್ಚುವನು.
ಪುಣ್ಯ ಅಂದುಕೊಂಡೆ.
ನೂರು ಜೇಬಿಗೆ ಇಷ್ಟು ಕೂಲಿ,
ಮೇಲೆ ಕೂಸಿನ ನಿದ್ದೆ ಪುಕ್ಕಟೆ.

ಕೌಲ್ ಬಜಾರಿನಲ್ಲಿ ಪುಕ್ಕಟೆ ಏನೂ ಸಿಗದು.
ದಾರ ಕಡಿದರೆ ಎದ್ದ.
ಬಾಬಿನ್ ಬದಲಿಸುವಷ್ಟರಲ್ಲಿ ಎದ್ದ.
ಕರೆಂಟು ಹೋದ ರಾತ್ರಿ ಇಡೀ ಓಣಿಯೇ ಎದ್ದಿತು.
ಹನ್ನೆರಡಕ್ಕೆ ಮಲಗಿ, ಹತ್ತಕ್ಕೆ ಎದ್ದು,
ಸಂಜೆ ಐದಕ್ಕೆ ಅನ್ನದ ತಟ್ಟೆಗೆ
ಮುಖವಿಟ್ಟು ತೂಕಡಿಸುವ ಮಗ.

ಅಂಗನವಾಡಿಯ ಶಂಕ್ರಮ್ಮ ಟೀಚರು
ತೂಕದ ಪುಸ್ತಕ ಮಡಚಿ ಅಂದರು:
"ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ನಮೂನಿ.
ಕೂಸು ಗಡಿಯಾರ ನೋಡಂಗಿಲ್ಲವ್ವ,
ನಿನ್ನ ನೋಡ್ತೈತಿ."

ದಾದಾಪೀರಣ್ಣನ ಎರಡು ಗಂಟು ಬಾಗಿಲ ಹಿಂದೆ.
ಎಂಟೂವರೆಗೆ ಸ್ವಿಚ್ಚು ಆರಿಸಿದೆ.
ಬಚ್ಚಲಲ್ಲಿ ಅವನ ಪಾದ ತೊಳೆದೆ:
ಬೆರಳ ಸಂದಿಯಿಂದ ನೀಲಿ ಧೂಳು, ನೀಲಿ ನೀರು,
ಕಲ್ಲಿನ ಮೇಲೆ ಒಂದು ಪುಟ್ಟ ಸಂಜೆ ಹರಿದುಹೋಯಿತು.
ಕಿಟಕಿಗೆ ಎತ್ತಿ ಹಿಡಿದು
ಒಬ್ಬೊಬ್ಬರಿಗೂ ಹೇಳಿಸಿದೆ:
ಕೋಟೆ ಗುಡ್ಡದ ದೀಪಕ್ಕೆ, ಮಕ್ಕೋ.
ರಸೂಲ್‌ಬೀ ಮನೆಯ ಮೇಕೆಗೆ, ಮಕ್ಕೋ.
ನೀರಿನ ಡ್ರಮ್ಮಿಗೆ, ಅದರ ಮುರಿದ ಮುಚ್ಚಳಕ್ಕೆ.
ಕಡೆಗೆ ನನ್ನ ಹಳೇ ಸೀರೆ ಹೊದಿಸಿ
ಮಷೀನಿಗೆ.

ಕೇಳಿದನೇ?
ಮೊದಲ ರಾತ್ರಿ ಹನ್ನೊಂದರವರೆಗೆ ಅತ್ತ.
ಎರಡನೆಯದು ನೆನಪಿಸಿಕೊಳ್ಳಲಾರೆ.
ಮೂರನೇ ರಾತ್ರಿ ರಸೂಲ್‌ಬೀ ಗೋಡೆ ಗುದ್ದಿದಳು:
"ಅದೇನು ಕೇಳ್ತೈತೋ ಕೊಟ್ಟುಬಿಡೇ!"
ನಾಲ್ಕನೇ ರಾತ್ರಿ ಕೊಟ್ಟುಬಿಟ್ಟೆ.
ಬಟ್ಟೆಯಿಲ್ಲದ ಬರೀ ಸೂಜಿ ಓಡಿಸಿದೆ, ಕಾಲು ಗಂಟೆ.
ಶಂಕ್ರಮ್ಮ ಟೀಚರಿಗೆ ಹೇಳಲಿಲ್ಲ.

ಐದನೇ ರಾತ್ರಿ ಮತ್ತೆ ಮೊದಲಿಂದ:
ನೀಲಿ ನೀರು, ಗುಡ್ಡದ ದೀಪ, ಮೇಕೆ, ಡ್ರಮ್ಮು.
ಬೆನ್ನ ಮೇಲೆ ನನ್ನ ಅಂಗೈ,
ತಟ್ಟದೆ, ತೂಗದೆ, ಸುಮ್ಮನೆ ಇಟ್ಟ ಅಂಗೈ.
ಸುಮ್ಮನಿರುವುದನ್ನು ಮೊದಲು ಅದು ಕಲಿಯಬೇಕಿತ್ತು.

ಎಷ್ಟನೆಯದೋ ರಾತ್ರಿ, ಎಣಿಕೆ ಬಿಟ್ಟಿದ್ದೆ,
ಸೀರೆಯನ್ನು ಅವನೇ ಎಳೆದು ತಂದ.
ಅರ್ಧ ಮಷೀನಿಗೆ ಸಾಕಾಯಿತು.
ಉಳಿದರ್ಧ ತಾನೇ ಸುತ್ತಿಕೊಂಡು
"ಮಿಚೀನು ಮಕ್ಕಂತು" ಅಂದ,
ನನ್ನ ಬಾಯಿಗೆ ಬೆರಳಿಟ್ಟು.

ಈಗ ಏಳಬಹುದು. ಇನ್ನೂ ಅರವತ್ತು ಜೇಬು.
ಆದರೆ ಒಂಬತ್ತಕ್ಕೇ ಕತ್ತಲಲ್ಲಿ ಮಲಗಿ
ಎಷ್ಟು ವರ್ಷವಾಯಿತೋ,
ನಿದ್ದೆ ಯಾವ ಕಡೆಯಿಂದ ಬರುತ್ತದೆಂದೇ ಮರೆತಿದೆ.
ಚಾಪೆಯ ಮೇಲೆ ನನ್ನ ಬಲಗಾಲು
ತನ್ನ ಪಾಡಿಗೆ ತಾನು ಒತ್ತುತ್ತಲೇ ಇದೆ,
ಅಲ್ಲಿಲ್ಲದ ಪೆಡಲು.

ನಿದ್ದೆಯಲ್ಲಿ ಹೊರಳಿ,
ತೊಳೆದ ತಣ್ಣನೆ ಪಾದವನ್ನು
ಮೌನೇಶ ಅದರ ಮೇಲಿಟ್ಟ.
ನಿಂತಿತು.

ದಾದಾಪೀರಣ್ಣ ನಾಳೆ ಬಂದು ಬೈಯಬಹುದು.
ಬೈಯಲಿ,
ಎಂಟೂವರೆ ಒಳಗೆ.