ರಿಸ್ಪಾ

ನಮ್ಮ ಬೀದಿಯಲ್ಲಿ ಆರು ಮೇರಿ, ನಾಲ್ಕು ರೂತ್.
ಹನ್ನಾ ಎಂದು ಕೂಗಿದರೆ ಮೂರು ಬಾಗಿಲು ತೆರೆಯುತ್ತವೆ.
ಅದಕ್ಕೇ ಟೆಗ್ವೆನ್, ಹಸಿ ಬಾಣಂತಿ, ಮೂರು ರಾತ್ರಿ
ಅಜ್ಜನ ಬೈಬಲ್ಲಿನಲ್ಲಿ ಹೆಸರು ಹೆಕ್ಕಿದಳು,
ಬೂದಿಗುಡ್ಡೆಯಲ್ಲಿ ಉರಿಯದೆ ಉಳಿದ
ಕಲ್ಲಿದ್ದಲು ಹೆಕ್ಕುವ ಹಾಗೆ.

ನಾಲ್ಕನೆಯ ಬೆಳಿಗ್ಗೆ ಹೇಳಿದಳು: ರಿಸ್ಪಾ.

ನಾಲಗೆಯ ಮೇಲಿಟ್ಟು ನೋಡಿದೆ. ಅರ್ಥ?
ಕೆಂಡ, ಎಂದಳು. ಪಾದ್ರಿಯನ್ನು ಕೇಳಿದ್ದೇನೆ. ಕಾದ ಕಲ್ಲು.
ಗಣಿಯವನ ಮಗಳಿಗೆ ಇನ್ನೇನು ಬೇಕು?
ಮಗು ಕೆಂಪಗೇ ಇತ್ತು, ಯಾರ ಮೇಲೋ ಮುಷ್ಟಿ ಬಿಗಿದು.

ಅಮ್ಮ ಕೆಳಗೆ ಕೇಳಿಸಿಕೊಂಡಳು.
ಏದುತ್ತ ಮೆಟ್ಟಿಲು ಹತ್ತಿದಳು, ಹಿಟ್ಟಿನ ಕೈಯಲ್ಲೇ.
“ಸೌಲನ ಉಪಪತ್ನಿ ಅವಳು.
ಮಕ್ಕಳಿಬ್ಬರನ್ನೂ ಗುಡ್ಡದ ಮೇಲೆ ನೇತುಹಾಕಿದರು.
ಜವೆಗೋದಿ ಕೊಯ್ಲಿನಿಂದ ಮಳೆ ಬೀಳುವವರೆಗೂ
ಬಂಡೆಯ ಮೇಲೆ ಗೋಣಿ ಹಾಸಿ ಕೂತಳು,
ಹಗಲು ಹದ್ದು ಓಡಿಸುತ್ತ, ಇರುಳು ಮೃಗ ಓಡಿಸುತ್ತ.
ತೊಟ್ಟಿಲಿಗೆ ಇಡುವ ಹೆಸರೇ ಇದು?
ಹೆಸರು ಹಿಡಿದು ಕರೆದರೆ ಹಣೆಬರಹವೂ ಓಗೊಡುತ್ತೆ.”

ಟೆಗ್ವೆನ್ ಮಾತಾಡಲಿಲ್ಲ. ಮಗುವನ್ನು ಎಡಮೊಲೆಗೆ ಬದಲಿಸಿದಳು.
ಕಿಟಕಿಯಾಚೆ ಗಣಿಯ ಗಾಲಿ ತಿರುಗುತ್ತಿತ್ತು.

ನನಗಾಗ ಒಂಬತ್ತು ವರ್ಷ.
ಎರಡನೇ ನಂಬರಿನಲ್ಲಿ ಬೆಂಕಿ. ಇದ್ರಿಸ್ ಕೆಳಗೆ. ಎಮ್ಲಿನ್ ಕೆಳಗೆ.
ಗೇಟಿನ ಬಳಿ ಹೆಂಗಸರು ಬಂದರು, ನಿಂತರು, ಹೋದರು.
ಒಲೆ ಕರೆಯಿತು, ಉಳಿದ ಮಕ್ಕಳು ಕರೆದವು.
ಅಮ್ಮ ಹೋಗಲಿಲ್ಲ. ಹನ್ನೊಂದು ದಿನ.
ಗೋಣಿಯಲ್ಲ, ಅಪ್ಪನ ಕೋಟು ಹಾಸಿಕೊಂಡು.
ಡಬ್ಬಿಯಲ್ಲಿ ಟೀ ಒಯ್ಯುತ್ತಿದ್ದೆ,
ಆರಿದ್ದನ್ನು ಹಾಗೇ ವಾಪಸು ತರುತ್ತಿದ್ದೆ.
ಫೋಟೋ ತೆಗೆಯಲು ಬಂದ ಪೇಪರಿನವನಿಗೆ ಕಲ್ಲು ಬೀಸಿದಳು,
ಕಾಗೆಗೆ ಬೀಸಿದ ಹಾಗೆ.
ಹನ್ನೆರಡನೆಯ ದಿನ ಇಬ್ಬರನ್ನೂ ಮೇಲೆ ತಂದರು.
ಮಳೆ ಬಂತೋ ಇಲ್ಲವೋ ನೆನಪಿಲ್ಲ.
ವೇಲ್ಸಿನಲ್ಲಿ ಅದನ್ನು ಯಾರು ಎಣಿಸುತ್ತಾರೆ.

ಟೆಗ್ವೆನ್‌ಗೆ ಇದನ್ನು ಹೇಳಿದವನು ನಾನೇ,
ಮದುವೆಗೆ ಮುಂಚೆ, ಒಂದೇ ಒಂದು ಸಲ.

ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಅವಳದು.
ಏನೋ ಹೊಳೆದಿರಬೇಕು. ಅಥವಾ ಕಾಲು ನೋಯುತ್ತಿತ್ತೋ ಏನೋ,
ಮಂಚದ ತುದಿಯಲ್ಲಿ ಕೂತು
ಹಿಟ್ಟು ಮೆತ್ತಿದ ಬೆರಳನ್ನು ಆ ಮುಷ್ಟಿಗೆ ಕೊಟ್ಟಳು.
“ಊಟಕ್ಕೆ ಕೂಗಲಿಕ್ಕೆ ಅಡ್ಡಿಯಿಲ್ಲ,” ಎಂದಳು,
“ಬೀದಿಯ ಆ ತುದಿಗೂ ಕೇಳಿಸೀತು.”

ಸೋಮವಾರ ಕಚೇರಿಗೆ ನಮ್ಮ ಜೊತೆ ಅವಳೂ ಬಂದಳು.
ಗುಮಾಸ್ತ ಇಂಗ್ಲಿಷಿನವನು. ತನ್ನ ಬೈಬಲ್ಲಿನ ಹಾಗೆ
ನಡುವೆ ಗರಗಸದ ಹಲ್ಲಿನಂಥದೊಂದು ಅಕ್ಷರ ಬರೆದ.
ನಮ್ಮ ಭಾಷೆಯಲ್ಲಿ ಆ ಅಕ್ಷರವೇ ಇಲ್ಲ.
“ತಿದ್ದು,” ಎಂದಳು ಅಮ್ಮ.
ರಿಜಿಸ್ಟರಿನಲ್ಲಿ ಕಾಟು ಹಾಕುವಂತಿಲ್ಲ, ಎಂದ.
ಅವಳು ಕೌಂಟರಿಗೆ ಮೊಣಕೈ ಊರಿದಳು.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ಗುಮಾಸ್ತ ಗಡಿಯಾರ ನೋಡಿಕೊಂಡ.
ಪಾಪ, ಅವನಿಗೇನು ಗೊತ್ತು,
ಅವಳು ಎಷ್ಟು ದಿನ ನಿಲ್ಲಬಲ್ಲಳೆಂದು.